ಅಕ್ಕನ ಪಥ್ಯ, ನನ್ನ ಊಟ

ಸುಟ್ಟ ಗಾಯದವರಿಗೆ ನೀರು ಕುಡಿಸಬಾರದು ಎಂದು ಈಗಲೂ ಯಾರಾದರೂ ನನ್ನ ಮುಂದೆ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗೆ ಅಂದವರ ಬಾಯಿ ಮುಚ್ಚಿಸಿ ಕಳಿಸಿದ್ದೇನೆ, ಬೀಗರು ಬಿಜ್ಜರು ಎಂದೂ ನೋಡಿಲ್ಲ. ಆದರೆ ಅವರು ಎದ್ದು ಹೋದ ಮೇಲೆ ಒಬ್ಬಳೇ ಕೂತು ಯೋಚಿಸಿದರೆ, ನಮ್ಮ ಅಕ್ಕನಿಗೆ ನೀರು ತಪ್ಪಿಸಿದವರು ಅಂಥ ಮಾತಿನವರು ಯಾರೂ ಅಲ್ಲ. ತಪ್ಪಿಸಿದವಳು ನಾನು.

ಸಾವಿರದ ಒಂಬೈನೂರ ಮೂವತ್ತರ ಆಚೀಚೆಯ ಮಾತು. ಹುಬ್ಬಳ್ಳಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಸುಗ್ಗಿಯ ಕಾಲಕ್ಕೆ ಗಬ್ಬೂರ ಕಡೆಯಿಂದ ಬಂದ ಚಕ್ಕಡಿಗಳು ಬಾಗಿಲಲ್ಲಿ ನಿಂತರೆ ಅಂಗಡಿ ಯಾವುದು, ಮನೆ ಯಾವುದು ಗೊತ್ತಾಗುತ್ತಿರಲಿಲ್ಲ. ಪಡಸಾಲೆಯಲ್ಲೇ ಆಳೆತ್ತರ ಹತ್ತಿ. ಸೀರೆಗೆ ಹತ್ತಿ, ತಲೆಗೂದಲಿಗೆ ಹತ್ತಿ, ಹಿಟ್ಟು ನಾದಿದರೆ ಅದರಲ್ಲೂ ಒಂದೆಳೆ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಕೂಡಿದ ಮನೆಯಲ್ಲಿ ನೆಗೆಣ್ಣಿಯರಿಗೆ ಹಾವು ಮುಂಗುಸಿಯ ಸಂಬಂಧ ಅನ್ನುತ್ತಾರೆ; ನಮ್ಮಲ್ಲಿ ಹಾಗಿರಲಿಲ್ಲ. ಹಾಗಾಗದಂತೆ ನೋಡಿಕೊಂಡವಳು ಅವಳೇ. ನನ್ನ ತವರು ಧಾರವಾಡದ ಮಗ್ಗುಲಿನ ಕೆಲಗೇರಿ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿಯ ಬಾವಿಯ ಸವಳು ನೀರಿಗೆ ಮುಖ ಕಿವಿಚಿದರೆ ಅಕ್ಕ ನಗುತ್ತಿದ್ದಳು. "ಕೆಲಗೇರಿ ಕೆರಿ ನೀರ ಕುಡದ ಬಂದ ರಾಣಿಗೆ ನಮ್ಮ ನೀರ ಎಲ್ಲಿ ಸೇರಬೇಕು!" ಎಂದು ಹೇಳಿ, ಸಿಹಿನೀರಿನ ಬಾವಿಗೆ ತಾನೇ ಹೋಗಿ ನನಗಾಗಿ ಒಂದು ಕೊಡ ಹೊತ್ತು ತರುತ್ತಿದ್ದಳು.

ಅವಳಿಗೆ ಮಕ್ಕಳಿರಲಿಲ್ಲ. ನನಗೆ ಆಗ ಆರು ತಿಂಗಳ ಮಗಳು. ಹಡೆದವಳು ನಾನು, ಮೊಲೆ ಕುಡಿಸುವಾಗಷ್ಟೇ ಅದು ನನ್ನ ಕೂಸು. ಉಳಿದ ಹೊತ್ತೆಲ್ಲ ಅವಳದು.

ಆ ದಿನ ಸಂಜೆ ಕೂಸನ್ನು ಹತ್ತಿಯ ರಾಶಿಯ ಅಂಚಿಗೆ ಮಲಗಿಸಿ ನಾನು ಹಿತ್ತಲಿಗೆ ಹೋಗಿದ್ದೆ. ಅಕ್ಕ ಒಲೆಯಿಂದ ಕೆಂಡ ತೆಗೆದು ಧೂಪಾರತಿಗೆ ಹಾಕಿಕೊಂಡು ದೇವರ ಮನೆಗೆ ಹೊರಟಿದ್ದಳು. ದಿನಾ ಹೋಗುವ ದಾರಿ. ಒಂದು ಕಿಡಿ ಹಾರಿತು, ಅಷ್ಟೇ. ಹತ್ತಿ ಹೊತ್ತುವುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ಸದ್ದೇ ಮಾಡುವುದಿಲ್ಲ. ನಾನು ಓಡಿ ಬಂದಾಗ ಕೂಸು ಅಂಗಳದಲ್ಲಿ ಬಿದ್ದು ಅಳುತ್ತಿತ್ತು, ಮೈಮೇಲೆ ಒಂದು ಗಾಯವಿಲ್ಲ. ಅಕ್ಕ ಒಳಗೆ ಎರಡೂ ಕೈಯಿಂದ ಬೆಂಕಿ ಬಡಿಯುತ್ತಿದ್ದಳು. ಮೈಮೇಲಿನ ಸೀರೆ ಹೊತ್ತಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಗಂಡಸರು ಬಂದು ಕಂಬಳಿ ಹೊದಿಸಿ ಆರಿಸಿದರು. ಎರಡೂ ಅಂಗೈ, ತೋಳು, ಎದೆ, ಕೊರಳು. ಮುಖ ಸುಟ್ಟಿರಲಿಲ್ಲ, ಆದರೆ ಝಳ ಬಡಿದು ಕಣ್ಣು ಊದಿ ಮುಚ್ಚಿಹೋದವು. ಟಾಂಗಾ ಕಟ್ಟಿಸಿ ಡಾಕ್ಟರನ್ನು ಕರೆತಂದರು. ಧಾರವಾಡದ ಕಡೆಯ ವಯಸ್ಸಾದ ಮನುಷ್ಯ, ಹಗುರ ಕೈ. ಡಿಕಾಕ್ಷನ್ ಬಣ್ಣದ ಒಂದು ನೀರನ್ನು ಗಾಯಗಳಿಗೆಲ್ಲ ಹಚ್ಚಿದರು. ಚರ್ಮ ಹದ ಮಾಡುವವರು ಬಳಸುವ ಜಾತಿಯ ಔಷಧವಂತೆ. ಮರುದಿನಕ್ಕೆ ಅವಳ ಎದೆ ತೋಳು ಕಪ್ಪಗೆ ಗಟ್ಟಿಯಾಗಿ ಕೂತವು. ಕೈಗಳಿಗೆ ಮಾತ್ರ ಬಟ್ಟೆ ಸುತ್ತಿ ಎರಡು ಗಂಟು ಮಾಡಿಟ್ಟರು.

ಹೋಗುವಾಗ ಅವರು ಅತ್ತೆಯನ್ನೂ ನನ್ನನ್ನೂ ಕರೆದು ಹೇಳಿದರು.

"ಔಷಧ ನಾ ಹಚ್ಚೀನಿ, ಅದು ಅರ್ಧ. ಉಳದ ಅರ್ಧ ನಿಮ್ಮ ಅಡಗೀಮನ್ಯಾಗ ಅದ. ಮೈಯೊಳಗಿನ ನೀರು ಗಾಯದಿಂದ ಸೋರಿ ಹೋಗ್ತದ. ಚಮಚಾಲೆ ಹಾಕ್ರಿ, ಆದ್ರ ನಿಲ್ಲಸಬ್ಯಾಡ್ರಿ. ಉಪ್ಪು ಸಕ್ಕರಿ ಹಾಕಿದ ನೀರು, ಬಾರ್ಲಿ ಗಂಜಿ. ಎರಡ ದಿನ ಆದ ಮ್ಯಾಲ ಹಾಲು, ಹಾಲಾಗ ಒಂದು ತತ್ತಿ."

ತತ್ತಿ ಎಂದದ್ದೇ ಅತ್ತೆ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ನಮ್ಮ ಮನ್ಯಾಗ ಅದರ ಹೆಸರ ಎತ್ತಬ್ಯಾಡ್ರಿ ಡಾಕ್ಟರ. ಮತ್ತ ನೀರ ಅಂತೀರಲ್ಲ, ಸುಟ್ಟ ಮೈಗೆ ನೀರ ಕುಡಸಿದ್ರ ಬೊಬ್ಬಿ ಏಳೂದಿಲ್ಲೇನ್ರಿ?"

"ಕುಡಸಲಿಲ್ಲಂದ್ರ ಬೊಬ್ಬಿ ಏಳೂದಿಲ್ಲ, ಖರೇ. ಆಕೀನೂ ಏಳೂದಿಲ್ಲ" ಎಂದರು ಡಾಕ್ಟರು.

ಅತ್ತೆ ಸುಮ್ಮನಾದರು. ಆ ಮನೆಯಲ್ಲಿ ಅತ್ತೆ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಂಡಸರೂ ಅವರ ಮುಂದೆ ಚಪ್ಪಲಿಯ ಸದ್ದು ಮಾಡುತ್ತಿರಲಿಲ್ಲ. ಬೇಳೆ ತಿಂದರೆ ಕೀವು, ಹಾಲು ಕುಡಿದರೆ ಕೀವು, ಉಪ್ಪು ತಿಂದರೆ ಉರಿ, ಹುಳಿ ತಿಂದರೆ ಕಲೆ ಎಂದು ಅವರ ಹತ್ತಿರ ಪಥ್ಯದ ದೊಡ್ಡ ಗಂಟೇ ಇತ್ತು. ಅಂಥವರು ಡಾಕ್ಟರ ಒಂದೇ ಮಾತಿಗೆ ಗಂಟು ಬಿಚ್ಚದೆ ಕೆಳಗಿಟ್ಟರು. ಅಕ್ಕನ ಬಾಯಿಗೆ ಹಾಕುವುದೆಲ್ಲ ನನ್ನ ಕೆಲಸವಾಯಿತು. ಅತ್ತೆ ಸುಮ್ಮನಾದದ್ದರ ಅರ್ಥ ನನಗೆ ಅಂದೇ ಆಗಬೇಕಿತ್ತು. ಬುದ್ಧಿ ಕಡಿಮೆ, ಹೆದರಿಕೆ ಹೆಚ್ಚು.

ಅದಕ್ಕೂ ಮೊದಲು, ಗಂಡಸರು ಬೂದಿಯಾದ ಹತ್ತಿಯನ್ನು ಹೊರಗೆ ಎಳೆದು ಹಾಕುತ್ತಿದ್ದಾಗ, ನನಗೆ ಅದರಲ್ಲಿ ಅಕ್ಕನ ಕರಡಿಗೆ ಸಿಕ್ಕಿತ್ತು.

ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ದೊಡ್ಡವರಾದ ಮೇಲೆ ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತೇವೆ. ಮುಂಜಾನೆ ಮೈತೊಳೆದು, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ಪೂಜೆ ಮಾಡಬೇಕು; ಆಮೇಲೆಯೇ ಗುಟುಕು ನೀರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಹಾಗಿಲ್ಲ. ಲಿಂಗ ಒಡೆದರೆ ಗುರುವಿನ ಕೈಯಿಂದ ಹೊಸದು ಬರುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಲಿಂಗ ಹೋಯಿತೆಂದು ಜೀವವನ್ನೇ ಬಿಟ್ಟ ಹಳೆಯ ಕಾಲದವರ ಕಥೆಯನ್ನು ಅತ್ತೆ ಕಾಳು ಹಸನು ಮಾಡುತ್ತ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಒಂದು ಮೆಚ್ಚುಗೆ ಇರುತ್ತಿತ್ತು.

ಅಕ್ಕನ ಶಿವದಾರ ಸುಟ್ಟುಹೋಗಿತ್ತು. ಕರಡಿಗೆಯ ಮುಚ್ಚಳ ಕರಿಗಟ್ಟಿ ಕಚ್ಚಿಕೊಂಡಿತ್ತು. ಬೆರಳು ಸುಟ್ಟುಕೊಂಡು ತೆಗೆದೆ. ಲಿಂಗದ ಮೇಲಿನ ಕಂತಿ, ಅಂದರೆ ಕಲ್ಲಿಗೆ ಮೆತ್ತಿದ ಕಪ್ಪು ಲೇಪ, ಕರಗಿ ತಳದಲ್ಲಿ ನಿಂತಿತ್ತು, ಒಳಗಿನ ಕಲ್ಲು ಎರಡು ಹೋಳು. ನಾನು ಅತ್ತೆಯ ಕಡೆ ನೋಡಿದೆ. ಅವರು ಇನ್ನೂ ನೋಡಿರಲಿಲ್ಲ. ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನನ್ನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟೆ. ಅತ್ತೆಗೆ ತಿಳಿದರೆ ಮುಗಿಯಿತು, ಹಟ ಹಿಡಿದು ಅಕ್ಕನನ್ನು ಒಣಗಿಸಿಬಿಡುತ್ತಾರೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಮರುದಿನ ಮುಂಜಾನೆ ಅಕ್ಕ ಆಡಿದ ಮೊದಲ ಮಾತು "ಕೂಸು?"

"ಆರಾಮ ಐತಿ ಯಕ್ಕಾ. ಮಲಗೇತಿ."

ಎರಡನೆಯ ಮಾತು "ಲಿಂಗ?"

"ನನ್ನ ಹತ್ರ ಐತ್ರಿ. ಶಿವದಾರ ಸುಟ್ಟೈತಿ, ಲಿಂಗ ಛಲೋ ಐತಿ."

ಅವಳ ತುಟಿ ಒಡೆದು ಬಿಳಿಚಿತ್ತು. ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಹತ್ತಿರ ತಂದರೆ ಮುಖ ತಿರುಗಿಸಿದಳು. ಪೂಜೆಯಾಗಬೇಕು. ಕೈ ನೋಡಿದರೆ ಎರಡು ಬಟ್ಟೆಯ ಗಂಟು. ಆಗ ನನಗೆ ಉಪಾಯ ಹೊಳೆಯಿತು. ಇಷ್ಟು ವರ್ಷ ನಾನು ಅದನ್ನು ಉಪಾಯವೆಂದೇ ಕರೆಯುತ್ತ ಬಂದಿದ್ದೇನೆ. ನಾನು ಆಗಲೇ ನನ್ನ ಪೂಜೆ ಮುಗಿಸಿ ಬಂದಿದ್ದೆ. ನನ್ನ ಕೊರಳಿನ ಲಿಂಗವನ್ನೇ ತೆಗೆದು ನನ್ನ ಅಂಗೈಯ ಮೇಲೆ ಇಟ್ಟುಕೊಂಡೆ.

"ಯಕ್ಕಾ, ನನ್ನ ಅಂಗೈ ನಿಮ್ಮ ಅಂಗೈ ಅಂತ ತಿಳ್ಕೋರಿ. ನಿಮ್ಮ ಲಿಂಗ ಇಲ್ಲೈತಿ. ನೀವು ಮನಸಿನ್ಯಾಗ ಪೂಜಿ ಮಾಡ್ರಿ, ನಾ ನೀರ ಎರಿತೀನಿ."

ಅವಳ ಹಣೆಗೆ ವಿಭೂತಿ ಹಚ್ಚಿದೆ. ಲಿಂಗಕ್ಕೆ ನೀರು ಎರೆದು ಅದನ್ನು ಅವಳ ಹಣೆಗೆ ಮುಟ್ಟಿಸಿದೆ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರಿಳಿಯಿತು, ತುಟಿ ಅಲುಗಿತು. ಆಮೇಲೆ ಬಾಯಿ ತೆರೆದಳು. ಗುಬ್ಬಿಮರಿಗೆ ಹಾಕಿದ ಹಾಗೆ ಚಮಚ ಚಮಚ ಹಾಕಿದೆ. ಸಂಜೆಯೊಳಗೆ ಎರಡು ತಂಬಿಗೆ ಇಳಿದಿತ್ತು.

ಹೀಗೆ ಐದು ದಿನ ನಡೆಯಿತು. ದಿನಾ ಬೆಳಿಗ್ಗೆ ನನ್ನ ಪೂಜೆ, ಹೊಟ್ಟೆ ತುಂಬ ರೊಟ್ಟಿ, ಆಮೇಲೆ ಅದೇ ಲಿಂಗ ಹಿಡಿದು ಅಕ್ಕನ ಪೂಜೆ. ಮೊದಲೆರಡು ದಿನ ಕುಡಿದದ್ದರಲ್ಲಿ ಅರ್ಧ ವಾಂತಿಯಾಗುತ್ತಿತ್ತು, ಮೂರನೆಯ ದಿನದಿಂದ ನಿಂತಿತು. ಬಾರ್ಲಿ ಗಂಜಿ, ಹಾಲು, ಅತ್ತೆ ಆಚೆ ಹೋದಾಗ ಬೇಳೆಯ ಕಟ್ಟಿಗೆ ತುಪ್ಪ ಹಾಕಿ. ಒಂದು ದಿನ ನೀರು ಕುಡಿದು, "ಇದ ನಿಮ್ಮ ಕೆಲಗೇರಿ ನೀರಲ್ಲ ಬಿಡ. ರಾಣಿ ತನ್ನ ಕೆರಿ ನೀರ ಯಾರಿಗೆ ಇಟ್ಟಾಳ?" ಎಂದು ನಗಲು ಹೋಗಿ ಎದೆ ಎಳೆದು ನರಳಿದಳು. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ನನ್ನತ್ತ ತಿರುಗಿ "ಛಲೋ ಮಾಡಾಕತ್ತೀರಿ ತಂಗಿ, ಹಿಂಗ ನಡಸ್ರಿ" ಎಂದರು. ನಾನು ಉಬ್ಬಿಹೋದೆ. ಬದುಕಿಸಿಬಿಟ್ಟೆ ಎಂದುಕೊಂಡೆ.

ಆರನೆಯ ದಿನ ಮುಂಜಾನೆ ಅವಳ ಕಣ್ಣಿನ ಊತ ಇಳಿದಿತ್ತು. ಎಡಗಣ್ಣು ಅರ್ಧ ತೆರೆದಿತ್ತು. ಒಳ್ಳೆಯ ಸೂಚನೆ ಎಂದು ನಾನು ಖುಷಿಯಿಂದಲೇ ಅವಳ ಪಕ್ಕ ಕೂತು, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯ ಮೇಲಿಟ್ಟುಕೊಂಡೆ. ಬುದ್ಧಿಯಿದ್ದವಳಾದರೆ ಆ ಕಣ್ಣಿನ ಬಗ್ಗೆ ಯೋಚಿಸಬೇಕಿತ್ತು.

ಅವಳು ಬಹಳ ಹೊತ್ತು ನೋಡಿದಳು. ದಿನಾ ಅಂಗೈಯಲ್ಲಿ ಹಿಡಿದು ನೋಡಿದ ಲಿಂಗವನ್ನು ಯಾರಾದರೂ ಮರೆಯುತ್ತಾರೆಯೇ?

"ಇದು ನಂದಲ್ಲ" ಎಂದಳು.

ನಾನು ಅಂಗೈ ಮುಚ್ಚಿದೆ.

"ನಂದೆಲ್ಲಿ?"

"ಒಡದೈತ್ರಿ ಯಕ್ಕಾ. ಬೆಂಕ್ಯಾಗ."

"ಇದು?"

"ನಂದು."

ಬೈಯುತ್ತಾಳೆ, ಅಳುತ್ತಾಳೆ, ಕುಡಿದದ್ದನ್ನೆಲ್ಲ ಪಾಪವೆನ್ನುತ್ತಾಳೆ ಎಂದು ನಾನು ಕಾದೆ. ಅವಳು ಅದಾವುದನ್ನೂ ಮಾಡಲಿಲ್ಲ. ಆ ಅರ್ಧ ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತ, "ಹಂಗಾರ ಇಷ್ಟ ದಿನ ನೀ ಯಾವ ಲಿಂಗದ ಪೂಜಿ ಮಾಡಿ ಉಂಡಿ?" ಎಂದು ಕೇಳಿದಳು.

ನಿಜ ಹೇಳಬಹುದಿತ್ತು. ಇದರದ್ದೇ ಮಾಡಿದೆ, ಇದನ್ನೇ ಇಬ್ಬರಿಗೂ ಬಳಸಿದೆ, ಸುಳ್ಳು ಪೂಜೆ, ಕ್ಷಮಿಸಿ ಎಂದು ಹೇಳಿದ್ದರೆ ಎರಡು ಬೈಗುಳ ಬೈದು, ಗುರುವನ್ನು ಕರೆಸು ಎನ್ನುತ್ತಿದ್ದಳೋ ಏನೋ. ಆದರೆ ನನಗೆ ಹೆದರಿಕೆ. ನಾನು ಮಾಡಿಸಿದ್ದು ಪೂಜೆಯೇ ಅಲ್ಲ ಎಂದು ಅವಳಿಗೆ ಅನ್ನಿಸಬಾರದು. ಅನ್ನಿಸಿದರೆ ಬಾಯಿ ಮುಚ್ಚುತ್ತಾಳೆ. ಅದಕ್ಕೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಕೊಟ್ಟೆ.

"ನಾ ಉಂಡಿಲ್ಲ ಯಕ್ಕಾ. ಇದನ್ನ ನಿಮಗ ಕೊಟ್ಟಬಿಟ್ಟೀನಿ, ಇದು ಈಗ ನಿಮ್ಮದ. ನಾ ಉಪಾಸ ಅದೀನಿ. ನೀವು ಕುಡೀರಿ."

ಅವಳು ನಂಬಿದಳು. ತಾನು ಸುಳ್ಳು ಹೇಳದವಳಿಗೆ ಇನ್ನೊಬ್ಬರು ಹೇಳುತ್ತಾರೆಂದು ಹೊಳೆಯುವುದೇ ಇಲ್ಲ. ಮುಖ ಒಮ್ಮೆಲೇ ಬದಲಾಯಿತು. ಐದು ದಿನದ ನೋವಿನಲ್ಲಿ ನಾನು ಅಂಥ ಮುಖ ಕಂಡಿರಲಿಲ್ಲ.

"ಹುಚ್ಚೀ! ಕೂಸಿಗೆ ಮೊಲಿ ಕುಡಸಾಕಿ ನೀ. ಐದ ದಿನ ಉಪಾಸ ಕುಂತೀಯೇನ? ನಾ ಆ ಕೂಸನ್ನ ಎದಕ್ಕ ಎತ್ತಿ ಒಗದೆ, ನೀ ಹಾಲ ಬತ್ತಿಸಿ ಕೊಲ್ಲಲಿ ಅಂತನ? ಕಟಗೋ ಅದನ್ನ ಕೊಳ್ಳಾಗ. ಕಟಗೋ ಮೊದಲ."

ಕಟ್ಟಿಕೊಂಡೆ.

"ಹೋಗು, ರೊಟ್ಟಿ ಹಾಕ್ಕೊಂಡ ಬಾ. ನನ್ನ ಕಣ್ಣ ಮುಂದ ಉಣ್ಣ."

ಹೋಗಿ ಎರಡು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಹಾಕಿಕೊಂಡು ಬಂದೆ. ಗಂಟೆಯ ಹಿಂದಷ್ಟೇ ಹೊಟ್ಟೆ ತುಂಬ ತಿಂದಿದ್ದೆ. ಹಸಿದವಳ ಹಾಗೆ ಬಕಬಕ ತಿನ್ನಬೇಕಲ್ಲ, ತಿಂದೆ. ಅವಳು ನೋಡುತ್ತ ಮಲಗಿದ್ದಳು. ನಾನು ನೀರು ಕುಡಿಯುವಾಗ ಅವಳ ಗಂಟಲು ತಾನೇ ನುಂಗಿದ ಹಾಗೆ ಅಲುಗಿತು. "ಇನ್ನೊಂದ ಹಾಕ್ಕೊ" ಎಂದಳು. ಹಾಕಿಕೊಂಡೆ.

ಉಂಡು ಕೈ ತೊಳೆದು ಗಂಜಿಯ ಬಟ್ಟಲು ಹಿಡಿದೆ. ತುಟಿ ಬಿಗಿಹಿಡಿದಳು.

"ನಂದು ಬರಲಿ. ಹುಣ್ಣಿವಿಗೆ ಮಠದ ಅಯ್ಯನೋರು ಭಿಕ್ಷಾಕ್ಕ ಬರ್ತಾರ, ನಾಕ ದಿನ ಐತಿ. ಅವರ ಕೈಲೆ ಕಟಿಗೊಂಡು ಕುಡೀತೀನಿ. ನಾಕ ದಿನ ಅಂದ್ರ ಏನ ಮಹಾ, ನೀ ಐದ ದಿನ ಇದ್ದಿ."

"ಇವತ್ತ ಕರಸ್ತೀನ್ರಿ ಯಕ್ಕಾ."

"ಬ್ಯಾಡ. ಯಾಕ ಅಂತ ಅತ್ತಿ ಕೇಳ್ತಾರ. ನೀ ಮಾಡಿದ್ದು ತಿಳದ್ರ ನಿನ್ನ ಈ ಮನ್ಯಾಗ ಇಟಗೊಳ್ಳೂದಿಲ್ಲ. ಕೂಸು ಸಣ್ಣದೈತಿ. ಸುಮ್ಮನಿರು."

ನಾನು ಸುಮ್ಮನಿದ್ದೆ. ಇದನ್ನೂ ಬರೆಯುತ್ತೇನೆ: ಅವಳು ನನ್ನನ್ನು ಉಳಿಸಲು ಹಾಗೆ ಅಂದಳು, ನಾನೂ ನನ್ನನ್ನು ಉಳಿಸಿಕೊಳ್ಳಲು ಸುಮ್ಮನಿದ್ದೆ. ಹೊರಗೆ ಹೋಗಿ "ಅಕ್ಕಗ ಬಾಯಿ ರುಚಿ ಇಲ್ಲ ಅಂತಾಳ್ರಿ" ಎಂದು ಅತ್ತೆಗೆ ಹೇಳಿದೆ.

ಮರುದಿನ ಡಾಕ್ಟರು ಬಂದರು. ಅಕ್ಕನ ನಾಲಿಗೆ ಕಟ್ಟಿಗೆಯ ಚಕ್ಕೆಯ ಹಾಗಾಗಿತ್ತು. ಜ್ವರ ಏರಿತ್ತು, ಕಪ್ಪು ಚರ್ಮದ ಅಂಚಿನಲ್ಲಿ ವಾಸನೆ ಬರುತ್ತಿತ್ತು.

"ಮೊನ್ನೀತನಾ ಕುಡೀತಿದ್ರಲ್ಲ. ಈಗೇನಾತು?" ಎಂದು ಅವರು ನನ್ನನ್ನೇ ಕೇಳಿದರು.

ಅತ್ತೆಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಅವರು ದೊಡ್ಡ ಸೂಜಿಯನ್ನು ತೊಡೆಗೆ ಚುಚ್ಚಿ ಉಪ್ಪುನೀರು ಇಳಿಸಿದರು. ತೊಡೆ ಊದಿಕೊಂಡಿತು. ಅಕ್ಕ ನರಳುವುದಕ್ಕೂ ಸೋತಿದ್ದಳು. ಬಾಯಲ್ಲಿ ಹೋಗುವಷ್ಟು ಇದರಲ್ಲಿ ಹೋಗುವುದಿಲ್ಲ ಎಂದು ಹೇಳಿ ಡಾಕ್ಟರು ಹೊರಟುಹೋದರು. ಸಂಜೆ ಒದ್ದೆ ಬಟ್ಟೆಯನ್ನು ಅವಳ ತುಟಿಗೆ ಹಚ್ಚಲು ಹೋದೆ. ಅಷ್ಟು ಜ್ವರದಲ್ಲೂ ತಲೆ ಆಚೆ ಹೊರಳಿಸಿದಳು. "ಉಂಡಿ?" ಎಂದು ಮಾತ್ರ ಕೇಳಿದಳು. "ಹೂಂ" ಎಂದೆ. ಉಂಡಿದ್ದೆ.

ಎಂಟನೆಯ ದಿನ ಮುಂಜಾನೆ ಅವಳು ನನ್ನನ್ನು ಗುರುತಿಸಲಿಲ್ಲ. ತನ್ನ ಅವ್ವನ ಹೆಸರು ಹಿಡಿದು ಕರೆಯುತ್ತಿದ್ದಳು. ಆಗ ನನ್ನ ಹೆದರಿಕೆಗಿಂತ ದೊಡ್ಡ ಹೆದರಿಕೆ ಬಂತು. ಟ್ರಂಕಿನಿಂದ ಕರಡಿಗೆ ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಹೊಡೆಯಲಿ, ಕೂದಲು ಹಿಡಿದು ಹೊರಗೆ ನೂಕಲಿ ಎಂದು ಕಣ್ಣು ಮುಚ್ಚಿ ನಿಂತೆ.

ಅತ್ತೆ ಮುಚ್ಚಳ ತೆಗೆದು ಆ ಎರಡು ಹೋಳು ನೋಡಿದರು.

"ಇದನ್ನ ಅವತ್ತ ಹೇಳಬಾರದಾಗಿತ್ತೇನ?" ಎಂದರು. ದನಿ ಏರಲಿಲ್ಲ. "ನನ್ನ ಏನಂತ ತಿಳದಿದ್ದಿ? ರಾಕ್ಷಸಿ ಅಂತನ?"

"ನೀವ ಕಥಿ ಹೇಳತಿದ್ರಲ್ರಿ..."

"ಕಥಿ ಕಥಿನ. ಆಕಿ ನನ್ನ ಸೊಸಿ."

ಓಣಿಯ ತುದಿಯ ಮಠದ ಅಯ್ಯನವರನ್ನು ಅತ್ತೆ ತಾವೇ ಬರಿಗಾಲಲ್ಲಿ ಹೋಗಿ ಕರೆತಂದರು. ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಅವರು ಬಂದಾಗಿತ್ತು. ಹೊಸ ಲಿಂಗ, ಹೊಸ ಶಿವದಾರ, ಎಲ್ಲ ಅವರ ಜೋಳಿಗೆಯಲ್ಲೇ ಇತ್ತು. ಅಕ್ಕನ ಹಣೆಗೆ ಲಿಂಗ ಮುಟ್ಟಿಸಿ, ಮಂತ್ರ ಹೇಳಿ, ನನ್ನ ಕಡೆ ನೋಡಿದರು.

"ಬ್ಯಾನಿ ಇದ್ದವರಿಗೆ ಇಷ್ಟೆಲ್ಲಾ ನೇಮ ಇಲ್ಲವಾ. ಅವತ್ತ ಕರದಿದ್ರ ಅವತ್ತ ಬರತಿದ್ದೆ. ನೀರ ಮೊದಲ ಕುಡಸ್ರಿ, ಪೂಜಿ ಆಮ್ಯಾಲ ಅಂತಿದ್ದೆ."

ಅವರು ಕೊಟ್ಟ ಪಾದೋದಕವನ್ನು ಅತ್ತೆ ಚಮಚದಲ್ಲಿ ಅಕ್ಕನ ಬಾಯಿಗೆ ಬಿಟ್ಟರು. ಈಗ ತುಟಿ ಬಿಗಿದಿರಲಿಲ್ಲ. ನೀರು ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಬಾಯಿಯ ಅಂಚಿನಿಂದ ಹೊರಗೆ ಬಂತು. ಮತ್ತೆ ಬಿಟ್ಟರು. ಮತ್ತೆ ಬಂತು. ಅತ್ತೆ ಸೆರಗಿನಿಂದ ಒರೆಸುತ್ತ ಬಿಡುತ್ತಲೇ ಇದ್ದರು, ನಾನು ಬೇಡವೆನ್ನುವ ತನಕ. ಮಧ್ಯಾಹ್ನದೊಳಗೆ ಅಕ್ಕ ಹೋದಳು.

ನಮ್ಮಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ, ಎಡ ಅಂಗೈಯ ಮೇಲೆ ಲಿಂಗವಿಟ್ಟು. ಅವಳ ಕೈಗೆ ಸುತ್ತಿದ ಬಟ್ಟೆಯನ್ನು ಬಿಚ್ಚುವುದು ಆಗಲಿಲ್ಲ. ಆ ಗಂಟಿನ ಮೇಲೆಯೇ ಇಟ್ಟರು.

ಮಣ್ಣು ಮುಗಿಸಿ ಬಂದು ಮೈತೊಳೆದ ಮೇಲೆ ಮನೆಯಲ್ಲಿ ಯಾರೂ ಎಲೆ ಹಾಕಲಿಲ್ಲ. ಮೂಲೆಯಲ್ಲಿ ಕೂತಿದ್ದ ನನ್ನ ಮುಂದೆ ಅತ್ತೆ ಒಂದು ತಾಟು ತಂದಿಟ್ಟರು. ನನ್ನ ಮೇಲೆ ಒಂದು ಮಾತು ಅಂದಿರಲಿಲ್ಲ. ಆಮೇಲೆ ಬದುಕಿರುವ ತನಕವೂ ಅನ್ನಲಿಲ್ಲ. ಗಂಡಸರಿಗೂ ಹೇಳಲಿಲ್ಲ.

"ಉಣ್ಣ" ಎಂದರು. "ಕೂಸಿಗೆ ಹಾಲ ಬೇಕು. ಐದ ದಿನ ಉಪಾಸ ಇದ್ದಿ ಅಂತ, ಪಾಪ, ಆಕಿ ಜ್ವರದಾಗ ನನ್ನ ಮುಂದ ಅಂತಿದ್ಲು. ಏನೋ ಬಡಬಡಸ್ತಾಳ ಅಂತ ನಾ ತಿಳಕೊಂಡಿದ್ದೆ."

ಬೆಳಗ್ಗೆ ಎಲ್ಲವನ್ನೂ ಹೇಳಿದೆ ಎಂದೆನಲ್ಲ, ಆ ಉಪವಾಸದ ಸುಳ್ಳೊಂದನ್ನು ಹೇಳಿರಲಿಲ್ಲ. ಕೊರಳಿನ ಲಿಂಗ ತೆಗೆದು ಅಂಗೈಯ ಮೇಲಿಟ್ಟುಕೊಂಡು, ಹಣೆಗೊತ್ತಿ, ತಾಟನ್ನು ಹತ್ತಿರ ಎಳೆದುಕೊಂಡೆ. ಆ ಎಂಟು ದಿನದಲ್ಲಿ ನಾನು ಒಂದು ಹೊತ್ತಿನ ಊಟವನ್ನೂ ಬಿಟ್ಟಿರಲಿಲ್ಲ. ಅಂದೂ ಬಿಡಲಿಲ್ಲ.